ಸೂಟ್ಯಾಗೂ ಊಟ ಐತಿ

ಬಹಳ ದಿನದಿಂದ ಇದನ್ನ ಬರೀಬೇಕು ಅಂದುಕೊಳ್ಳುತ್ತಾ ಇದ್ದೆ. ಬರೆಯೋಕೆ ಕೂತಾಗೆಲ್ಲ ಅಂಗಡಿಗೆ ಯಾರಾದರೂ ಬರುತ್ತಾರೆ, ಇಲ್ಲವೇ ಕರೆಂಟು ಹೋಗುತ್ತದೆ :-) ಇವತ್ತು ಭಾನುವಾರ, ಅಂಗಡಿ ಅರ್ಧ ದಿನ, ಕರೆಂಟೂ ಇದೆ. ಇನ್ನು ನೆಪ ಇಲ್ಲ.

ಇಲ್ಲಿಗೆ ಹೊಸದಾಗಿ ಬಂದವರಿಗೆ ಒಂದು ಮಾತು. ನನ್ನದು ಚಿಕ್ಕೋಡಿ. ಒಂದು ಔಷಧ ಅಂಗಡಿ ಇಟ್ಟುಕೊಂಡಿದ್ದೇನೆ. ಹಳ್ಳಿಯಿಂದ ಬರುವವರು ನನ್ನನ್ನು 'ಡಾಕ್ಟರ್ರ' ಅಂತಲೇ ಕರೆಯುತ್ತಾರೆ. ನಾನು ಡಾಕ್ಟರಲ್ಲ ಅಂತ ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟಿದ್ದೇನೆ. ಅಂಗಡಿಯ ಕಟ್ಟೆಯಿಂದ ಈ ಸೀಮೆಯ ವರ್ಷ ಹೇಗೆ ಉರುಳುತ್ತದೆ ಅಂತ ನೋಡಬಹುದು. ಮಳೆಗಾಲದಲ್ಲಿ ಜ್ವರದ ಗುಳಿಗೆ. ಕಬ್ಬು ಕಡಿಯುವ ದಿನಗಳಲ್ಲಿ ಮೈಕೈ ನೋವಿನ ಮುಲಾಮು, ಬ್ಯಾಂಡೇಜು. ಏಪ್ರಿಲ್ ಮೇ ಬಂತು ಅಂದರೆ ಟಾನಿಕ್ಕು.

"ಹುಡುಗ ಭಾಳ ಸೊರಗ್ಯಾನ್ರಿ ಡಾಕ್ಟರ್ರ, ಒಂದ್ ಚಲೋ ಟಾನಿಕ್ ಕೊಡ್ರಿ."

ಯಾಕೆ ಸೊರಗಿದ ಅಂದರೆ ಎಲ್ಲರೂ ಬಿಸಿಲು ಅನ್ನುತ್ತಾರೆ. ಬಿಸಿಲು ನಿಜವೇ. ಆದರೆ ಸ್ವಲ್ಪ ಕೆದಕಿ ಕೇಳಿದರೆ ಇನ್ನೊಂದು ಕತೆ ಬರುತ್ತದೆ. ಅವ್ವ ಬೆಳಗ್ಗೆ ಆರಕ್ಕೆ ಕೂಲಿಗೆ ಹೋಗಬೇಕು, ಬಿಸಿಲೇರುವ ಮೊದಲೇ ಕೆಲಸ ಮುಗಿಯಲಿ ಅಂತ. ರೊಟ್ಟಿ ಬುಟ್ಟಿಯಲ್ಲಿಟ್ಟು ಹೋಗುತ್ತಾಳೆ. ಹುಡುಗರು ಒಂಬತ್ತಕ್ಕೇ ಅದನ್ನ ತಿಂದು ಮುಗಿಸುತ್ತಾರೆ. ಆಮೇಲೆ ಸಂಜೆವರೆಗೂ ಮಾವಿನಕಾಯಿ, ಹುಣಸೆಕಾಯಿ, ಐದು ರೂಪಾಯಿಯ ಕುರಕುರೆ. ಸಾಲಿ ಇದ್ದಾಗ ಮಧ್ಯಾಹ್ನ ಬಿಸಿಯೂಟ ಸಿಗುತ್ತಿತ್ತು. ಸೂಟಿ ಬಿತ್ತು, ಊಟವೂ ನಿಂತಿತು.

(ಬೆಂಗಳೂರು ಮೈಸೂರು ಕಡೆಯ ಗೆಳೆಯರಿಗೆ: ಸೂಟಿ ಅಂದರೆ ರಜೆ. ಪಕ್ಕದ ಮರಾಠಿಯವರು ಸುಟ್ಟಿ ಅನ್ನುತ್ತಾರೆ. ಸೂಟು ಬೂಟಿಗೂ ಇದಕ್ಕೂ ಸಂಬಂಧ ಇಲ್ಲ!)

ಅಂದರೆ ಟಾನಿಕ್ ಬಾಟಲಿಯಲ್ಲಿ ಜನ ಹುಡುಕುತ್ತಿದ್ದದ್ದು ಒಂದು ಹೊತ್ತಿನ ಊಟವನ್ನ. ಬಿಸಿಯೂಟದ ಲೆಕ್ಕ ಹೀಗಿದೆ ನೋಡಿ. ಕಿರಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 450 ಕ್ಯಾಲರಿ, 12 ಗ್ರಾಂ ಪ್ರೋಟೀನ್. ಹಿರಿಯ ಪ್ರಾಥಮಿಕದವರಿಗೆ 150 ಗ್ರಾಂ, 700 ಕ್ಯಾಲರಿ, 20 ಗ್ರಾಂ ಪ್ರೋಟೀನ್. ಇಷ್ಟನ್ನ ಯಾವ ಟಾನಿಕ್ಕಿನ ಚಮಚೆಯೂ ಕೊಡೋದಿಲ್ಲ. ಟಾನಿಕ್ ಮಾರುವವನೇ ಹೇಳುತ್ತಿದ್ದೇನೆ, ನಂಬಿ.

2024ರ ಬೇಸಿಗೆಯಲ್ಲಿ ಮಾತ್ರ ಸೂಟಿಯಲ್ಲೂ ಊಟ ಇತ್ತು. 2023ರ ಮುಂಗಾರು ಕೈಕೊಟ್ಟದ್ದು ನಿಮಗೆ ನೆನಪಿರಬೇಕು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಬರ ಘೋಷಣೆಯಾದ ಕಡೆ ಬೇಸಿಗೆ ರಜೆಯಲ್ಲೂ ಮಧ್ಯಾಹ್ನದ ಊಟ ಕೊಡಬೇಕು ಅಂತ ಸುಪ್ರೀಂ ಕೋರ್ಟಿನ ಆದೇಶ ಇದೆ. ಅದು 2004ರ ಏಪ್ರಿಲ್ 20ರದ್ದು. ಅದಕ್ಕೂ ಮೊದಲು 2001ರ ನವೆಂಬರ್ 28ರಂದು ಅದೇ ಮೊಕದ್ದಮೆಯಲ್ಲಿ (ಪಿಯುಸಿಎಲ್ ಹಾಕಿದ ಅರ್ಜಿ) ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ವರ್ಷಕ್ಕೆ ಕನಿಷ್ಠ 200 ದಿನ ಬೇಯಿಸಿದ ಊಟ ಕೊಡಿ, ಹಸಿ ಅಕ್ಕಿ ಕೊಟ್ಟು ಕೈತೊಳೆದುಕೊಳ್ಳಬೇಡಿ ಅನ್ನೋ ಅರ್ಥದ ಆದೇಶ ಆಗಿತ್ತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಉತ್ತರದ 7 ಜಿಲ್ಲೆಗಳಲ್ಲಿ ಶುರುವಾಗಿ, 2003ರಲ್ಲಿ ನಮ್ಮಂಥ ಉಳಿದ ಜಿಲ್ಲೆಗಳಿಗೂ ಬಂತು. 2021ರಲ್ಲಿ ಕೇಂದ್ರದವರು ಇಡೀ ಯೋಜನೆಗೆ ಪಿಎಂ ಪೋಷಣ್ ಅಂತ ಹೆಸರಿಟ್ಟರು. ನಮ್ಮ ಜನ ಮಾತ್ರ ಅವತ್ತಿಂದ ಇವತ್ತಿನವರೆಗೂ ಬಿಸಿಯೂಟ ಅಂತಲೇ ಅನ್ನುತ್ತಾರೆ.

ಆ ವರ್ಷ ಸೂಟಿ ಏಪ್ರಿಲ್ 11ರಿಂದ ಮೇ 28ರವರೆಗೆ. ಒಟ್ಟು 48 ದಿನ, 7 ಭಾನುವಾರ ಕಳೆದರೆ 41. ಆ 41 ದಿನವೂ ಊಟ.

ಊಟ ಇದೆ ಅನ್ನೋದು ಎಷ್ಟು ಮನೆಗೆ ಗೊತ್ತು ಅನ್ನೋದೇ ಪ್ರಶ್ನೆಯಾಗಿತ್ತು. ಪರೀಕ್ಷೆಯ ಗಡಿಬಿಡಿಯಲ್ಲಿ ಮಾಸ್ತರ್ರು ಮಕ್ಕಳ ಕೈಯಲ್ಲಿ ಒಪ್ಪಿಗೆ ಪತ್ರ ಕಳಿಸಿದ್ದರು. 'ನನ್ನ ಮಗು ರಜೆಯಲ್ಲಿ ಊಟಕ್ಕೆ ಬರುತ್ತದೆ / ಬರುವುದಿಲ್ಲ', ಕೆಳಗೆ ಪಾಲಕರ ಸಹಿ. ಆ ಹಾಳೆ ಎಷ್ಟು ಮನೆ ಮುಟ್ಟಿತೋ, ಎಷ್ಟು ದೋಣಿಯಾಯಿತೋ ದೇವರೇ ಬಲ್ಲ.

ನಾವು ಒಂದು ಏಳು ಮಂದಿ ಸೇರಿದೆವು. ಸಂಘ, ಬ್ಯಾನರ್, ಅಧ್ಯಕ್ಷ ಏನೂ ಇಲ್ಲ. ನಾನು, ನಿವೃತ್ತ ಮಾಸ್ತರ್ ಒಬ್ಬರು, ಎಲ್‌ಐಸಿ ಏಜೆಂಟ್ ಒಬ್ಬ, ಡಿಗ್ರಿ ಓದುವ ಇಬ್ಬರು ಹುಡುಗರು, ಒಬ್ಬ ಆಶಾ ಕಾರ್ಯಕರ್ತೆ ಅಕ್ಕ, ನಿಪ್ಪಾಣಿಯ ಟೇಲರ್ ಒಬ್ಬ. ಪೆಟ್ರೋಲು ಅವರವರದ್ದೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲ್ಲೂಕಲ್ಲಿ ಆದಷ್ಟು ಊರಿಗೆ ಸುದ್ದಿ ಮುಟ್ಟಿಸೋದು ಅಂತ ಮಾತಾಯಿತು. ಐದು ತಾಲ್ಲೂಕು ಅಂದಾಗ ಹೆಂಡತಿ ನಕ್ಕಳು. ನಿಜ, ಆಸೆ ದೊಡ್ಡದೇ ಇತ್ತು. (ಬೆಳಗಾವಿ ಜಿಲ್ಲೆ ಒಂದೇ ಆದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಚಿಕ್ಕೋಡಿ ಬೇರೆ ಶೈಕ್ಷಣಿಕ ಜಿಲ್ಲೆ. ಈ ಐದೂ ಅದರೊಳಗೇ ಬರುತ್ತವೆ.)

ಮೊದಲು ಕರಪತ್ರ. ಮಾಸ್ತರ್ರು ಚಂದದ ಅಕ್ಷರದಲ್ಲಿ ಕರಡು ಬರೆದು ತಂದರು. 'ಬರಪೀಡಿತ ತಾಲ್ಲೂಕುಗಳ ಬಡ ವಿದ್ಯಾರ್ಥಿಗಳಿಗೆ ಉಚಿತ ಊಟ'. ಅಂಗಡಿಯಲ್ಲೇ ಓದುತ್ತಾ ನಿಂತಿದ್ದೆವು. ಬಿಪಿ ಗುಳಿಗೆ ತಗೊಳ್ಳೋಕೆ ಬಂದಿದ್ದ ಒಬ್ಬ ಅಜ್ಜಿ ಅದನ್ನ ಕೇಳಿಸಿಕೊಂಡು ಹೇಳಿದ ಮಾತು ಇದು:

"ಗಂಜಿ ಕೇಂದ್ರ ಮತ್ತ ತಗದಾರೇನ್ ತಮ್ಮಾ?"

ಆ ಅಜ್ಜಿ ನೆನೆಸಿದ್ದು 1972ರ ಬರ. ನಮ್ಮ ಕಡೆ ಅರವತ್ತು ಎಪ್ಪತ್ತು ದಾಟಿದವರ ಹತ್ತಿರ ಕೂತರೆ 'ಎಪ್ಪತ್ತೆರಡು' ಅಂದರೆ ಸಾಕು, ವರ್ಷ ಅಂತ ಹೇಳಬೇಕಾಗಿಲ್ಲ. ಪರದೇಶದಿಂದ ಬಂದ ಕೆಂಪು ಜೋಳ, ಕಲ್ಲು ಒಡೆಯುವ ಕಾಮಗಾರಿ, ತಟ್ಟೆ ಹಿಡಿದು ಗಂಜಿಗೆ ಸಾಲು ನಿಂತದ್ದು. ಆ ಗಂಜಿ ಎಷ್ಟೋ ಜೀವ ಉಳಿಸಿತು. ಆದರೂ ಅದನ್ನ ಕುಡಿದವರು ಯಾರೂ ಅದನ್ನ ಹೆಮ್ಮೆಯಿಂದ ಹೇಳಿದ್ದು ನಾನು ಕೇಳಿಲ್ಲ. ಅಜ್ಜಿ ಹೇಳಿದ್ದೂ ಅದನ್ನೇ. "ನಾವ್ ಉಂಡೇವಿ, ನಮ್ಮ ಮೊಮ್ಮಕ್ಕಳ್ನ ಕಳಸಾಂಗಿಲ್ಲ. ಈ ಕಾಗದ ಹಿಡಕೊಂಡ್ ಯಾರ್ ಬರ್ತಾರ?"

ಮಾಸ್ತರ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಪೆನ್ನು ತೆಗೆದು 'ಬರಪೀಡಿತ' ಹೊಡೆದು ಹಾಕಿದರು. ಆಮೇಲೆ 'ಬಡ'. ಆಮೇಲೆ 'ಉಚಿತ'. ಉಚಿತ ಅನ್ನೋ ಪದ ಇರಲಿ ಅಂತ ಎಲ್‌ಐಸಿ ಗೆಳೆಯ ಹಟ ಹಿಡಿದ, ದುಡ್ಡು ಕೇಳುತ್ತಾರೆ ಅಂತ ಜನ ಹೆದರಬಾರದಲ್ಲ ಅಂತ. ಮಾಸ್ತರ್ರು ಕೇಳಿದರು: "ಅಲ್ಲೋ, ವರ್ಷಾನುಗಟ್ಟಲೆ ಸಾಲ್ಯಾಗ ಉಣ್ಣಾಕತ್ತಾರ, ಒಂದಿನ ಯಾರರೆ ರೊಕ್ಕ ಕೇಳ್ಯಾರೇನು? ಮಠದಾಗ ದಾಸೋಹಕ್ಕ 'ಉಚಿತ' ಅಂತ ಬೋರ್ಡ್ ಹಾಕಿದ್ದು ನೋಡೀಯೇನು?"

ಕೊನೆಗೆ ಉಳಿದದ್ದು ಆರೇಳು ಪದ. 'ಸಾಲಿ ಊಟ ಸೂಟ್ಯಾಗೂ ಐತಿ. ಎಲ್ಲಾ ಮಕ್ಕಳೂ ಬರ್ರಿ.' ಕೆಳಗೆ ತಾರೀಕು. ಪುಸ್ತಕದ ಕನ್ನಡ ಅಲ್ಲ ಅಂತ ಮಾಸ್ತರ್ರಿಗೆ ಸ್ವಲ್ಪ ಸಂಕಟವಾಯಿತು, ಆದರೆ ಬಿಟ್ಟುಕೊಟ್ಟರು.

ಅಚ್ಚು ಹಾಕಿಸೋದು ಇನ್ನೊಂದು ಪರ್ವ. ಮಾರ್ಚ್ 16ರಿಂದಲೇ ಚುನಾವಣೆ ನೀತಿ ಸಂಹಿತೆ. ಮೇ 7ಕ್ಕೆ ಚಿಕ್ಕೋಡಿ ಲೋಕಸಭಾ ಕ್ಷೇತ್ರದ ಮತದಾನ. ಪ್ರೆಸ್ಸಿನವರು ಕರಪತ್ರ ಅನ್ನೋ ಮಾತು ಕೇಳಿದರೇ ಬೆಚ್ಚುತ್ತಿದ್ದರು. ಚುನಾವಣೆ ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು ಅಂತ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಹೇಳುತ್ತದೆ. ನಮ್ಮದು ಚುನಾವಣೆಯದಲ್ಲ ಅಂದರೂ "ಊಟ ಅಂತ ಐತಲ್ರಿ, ಯಾರರೆ ಕಂಪ್ಲೇಂಟ್ ಕೊಟ್ರ?" ಅಂತ ಅನುಮಾನ. ನನ್ನ ಹೆಸರು, ಅಂಗಡಿಯ ವಿಳಾಸ, ಅವರ ಹೆಸರು ಎಲ್ಲಾ ಹಾಕಿಸಿ, ಕೊನೆಗೂ ಒಂದು ಸಾವಿರ ಅಚ್ಚಾಯಿತು. ಆ ಹೆಸರುಗಳು ಊಟದ ಸುದ್ದಿಗಿಂತ ಹೆಚ್ಚು ಜಾಗ ತಿಂದವು.

ಹಂಚೋಕೆ ಹೋದರೆ ಮೊದಲ ಪ್ರಶ್ನೆ ಎಲ್ಲಾ ಕಡೆ ಒಂದೇ. "ಯಾವ ಪಾರ್ಟಿಯವ್ರು?" ನಿಪ್ಪಾಣಿಯಲ್ಲಿ ಅದೇ ಮರಾಠಿಯಲ್ಲಿ, "ಕುಠಲ್ಯಾ ಪಾರ್ಟೀಚೇ?" ಒಬ್ಬರಂತೂ "ಇದು ಆರನೇ ಗ್ಯಾರಂಟಿ ಏನ್ರಿ?" ಅಂದರು. ಇನ್ನೊಬ್ಬ ಯಜಮಾನರು ನಮ್ಮನ್ನ ಕೂರಿಸಿ ಚಹಾ ಕೊಟ್ಟು, ಕರಪತ್ರ ತಿರುಗಿಸಿ ಮುರುಗಿಸಿ ನೋಡಿ, ಚಿಹ್ನೆ ಎಲ್ಲೂ ಇಲ್ಲದ್ದು ಖಾತ್ರಿಯಾದ ಮೇಲೆ "ಹಂಗಾರ ನಿಮಗೇನ್ ಸಿಗತೈತಿ?" ಅಂತ ಕೇಳಿದರು. ಏನೂ ಇಲ್ಲ ಅಂದಿದ್ದಕ್ಕೆ ಅವರ ಮುಖದಲ್ಲಿ ಬಂದ ಅನುಮಾನವನ್ನ ನಾನು ಮರೆಯೋದಿಲ್ಲ :-)

ಅಥಣಿಯ ಪೂರ್ವಕ್ಕೆ, ತೆಲಸಂಗ, ಐಗಳಿ ಕಡೆ ಹೋದವರಿಗೆ ಗೊತ್ತು. ಅದೇ ತಾಲ್ಲೂಕಿನ ಪಶ್ಚಿಮದಲ್ಲಿ ಕೃಷ್ಣೆ, ಕಬ್ಬು, ಹಸಿರು. ಪೂರ್ವಕ್ಕೆ ಬಂದರೆ ಮುಳ್ಳುಕಂಟಿ, ಬೋಳು ಹೊಲ, ನಡುನಡುವೆ ಟ್ಯಾಂಕರ್ ನೀರಲ್ಲಿ ಜೀವ ಹಿಡಿದ ದ್ರಾಕ್ಷಿ. ಆ ಬೇಸಿಗೆಯಲ್ಲಿ ಕೃಷ್ಣೆಯಲ್ಲೇ ಅಲ್ಲಲ್ಲಿ ಬಂಡೆಗಳು ಎದ್ದು ಕಾಣುತ್ತಿದ್ದವು ಅಂದಮೇಲೆ ಅಲ್ಲಿಯ ಪಾಡು ಊಹಿಸಿ. ಅಲ್ಲಿ ನಮಗೆ ಸುದ್ದಿ ಮುಟ್ಟಿಸುವ ತೊಂದರೆಯೇ ಇರಲಿಲ್ಲ. ಮೊದಲ ವಾರದಲ್ಲೇ ಮಕ್ಕಳು ಬರುತ್ತಿದ್ದರು. ಅಲ್ಲಿಯ ಕಷ್ಟ ನೀರಿನದ್ದು. ಟ್ಯಾಂಕರ್ ಬರೋದು ತಡವಾದರೆ ಅಕ್ಕಿ ತೊಳೆಯೋದು ತಡ, ಊಟ ತಡ. ಅಡುಗೆಯ ಅಕ್ಕಂದಿರು ಮನೆಯಿಂದ ಎರಡು ಕೊಡ ನೀರು ತಂದು ಒಲೆ ಹೊತ್ತಿಸಿದ್ದನ್ನ ನಾನೇ ನೋಡಿದೆ. ಆಗ ಅವರಿಗೆ ಸಿಗುತ್ತಿದ್ದ ಗೌರವಧನ ತಿಂಗಳಿಗೆ ಮುಖ್ಯ ಅಡುಗೆಯವರಿಗೆ 3,700, ಸಹಾಯಕರಿಗೆ 3,600 ರೂಪಾಯಿ. ಸಂಬಳ ಅನ್ನೋ ಪದವನ್ನೂ ಅವರಿಗೆ ಕೊಟ್ಟಿಲ್ಲ, ಗಮನಿಸಿ.

ಕಾಗವಾಡದಲ್ಲಿ ನಾವು ಹೆಚ್ಚು ಸುತ್ತಲಿಲ್ಲ. ಮೀರಜ್ ಮಗ್ಗುಲಲ್ಲೇ ಇರುವ ತಾಲ್ಲೂಕು, ಅರ್ಧ ಊರು ಸೂಟಿಗೆ ಮಹಾರಾಷ್ಟ್ರದ ನೆಂಟರ ಮನೆಗೆ ಹೋಗಿರುತ್ತದೆ, ಮಹಾರಾಷ್ಟ್ರದ ನೆಂಟರು ಇಲ್ಲಿಗೆ ಬಂದಿರುತ್ತಾರೆ. ಅಲ್ಲಿಂದ ಬಂದ ಮಕ್ಕಳೂ ಅಜ್ಜಿಮನೆಯ ಹುಡುಗರ ಜೊತೆ ತಟ್ಟೆ ಹಿಡಿದು ಬಂದರೆ ಏನು ಮಾಡಬೇಕು? ಒಂದು ಶಾಲೆಯ ಹೆಡ್ ಮಾಸ್ತರ್ರು ಬೇರೆ ಹಾಳೆಯಲ್ಲಿ ಹೆಸರು ಬರೆದುಕೊಂಡು ಊಟ ಹಾಕಿಸಿದರು. "ಹಸದ ಕೂಸಿಗೆ ಯಾವ ರಾಜ್ಯ ಅಂತ ಕೇಳಲ್ಯಾ?" ಅಂದರು. ಗಡಿ ಜಗಳದ ಬಗ್ಗೆ ನಾನು ಓದಿದ ಎಷ್ಟೋ ಲೇಖನಕ್ಕಿಂತ ಆ ಮಾತು ವಾಸಿ ಅನ್ನಿಸಿತು.

ನಿಪ್ಪಾಣಿಯಲ್ಲಿ ಟೇಲರ್ ಗೆಳೆಯನದ್ದೇ ಕಾರುಬಾರು. ಅಲ್ಲಿ ಕನ್ನಡ ಕರಪತ್ರ ಅರ್ಧ ಕೆಲಸವನ್ನೂ ಮಾಡೋದಿಲ್ಲ. ಮರಾಠಿ ಶಾಲೆಗಳಿವೆ, ಉರ್ದು ಶಾಲೆಗಳಿವೆ. 'ಸುಟ್ಟೀತ್ ಸುದ್ಧಾ ಶಾಳೇತ್ ಜೇವಣ' ಅಂತ ಅವನೇ ರಟ್ಟಿನ ಮೇಲೆ ಬರೆದು ಅಂಗಡಿ ಮುಂದೆ ನೇತು ಹಾಕಿದ. ಆ ಸಲ ಏಪ್ರಿಲ್ 11ಕ್ಕೇ ರಂಜಾನ್ ಬಂದಿದ್ದರಿಂದ ಉರ್ದು ಶಾಲೆಯ ಓಣಿಗಳಲ್ಲಿ ಹಬ್ಬ ಮುಗಿಯಲಿ ಅಂತ ಎರಡು ದಿನ ಬಿಟ್ಟು ಹೋದೆವು. ನಿಪ್ಪಾಣಿ ಅಂದರೆ ತಂಬಾಕು. ವಖಾರಿಗೆ ಹೋಗುವ ಹೆಂಗಸರು, ಮನೆಯಲ್ಲೇ ಕೂತು ಬೀಡಿ ಕಟ್ಟುವ ಹೆಂಗಸರು. ಬೀಡಿ ಕಟ್ಟುವ ಮನೆಗಳಲ್ಲಿ ಅವ್ವ ಮನೆಯಲ್ಲೇ ಇರುತ್ತಾಳೆ, ಹಾಗಾಗಿ ಮಕ್ಕಳಿಗೆ ಊಟದ ತೊಂದರೆ ಇರಲಾರದು ಅಂತ ನಮ್ಮ ಕಾಲೇಜು ಹುಡುಗ ಅಂದ. ಆಶಾ ಅಕ್ಕ ಅವನನ್ನ ಒಂದು ಮನೆಯೊಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಮಧ್ಯಾಹ್ನ ಒಂದೂವರೆ ಗಂಟೆ, ಒಲೆ ತಣ್ಣಗಿದೆ, ಅವ್ವನ ಮಡಿಲಲ್ಲಿ ಮೊರ, ಪಕ್ಕದಲ್ಲಿ ಹತ್ತು ವರ್ಷದ ಹುಡುಗಿಯ ಮಡಿಲಲ್ಲೂ ಒಂದು ಸಣ್ಣ ಮೊರ. ಎದ್ದು ಅಡುಗೆ ಮಾಡಿದರೆ ಅಷ್ಟು ಬೀಡಿ ಕಡಿಮೆ. ಆ ಹುಡುಗಿ ಸಾಲಿಗೆ ಊಟಕ್ಕೆ ಹೋಗಿ ಬಂದರೆ ಒಂದು ತಾಸು. ಆ ತಾಸಿಗೂ ಬೆಲೆ ಇದೆ. ಮೂರು ಸಲ ಹೋದ ಮೇಲೆ ಆಕೆ ಕಳಿಸಿದಳು, ಅದೂ ತಮ್ಮನ ಜೊತೆ ಓಡಿ ಹೋಗಿ ಓಡಿ ಬರಬೇಕು ಅನ್ನೋ ಕರಾರಿನ ಮೇಲೆ.

ನನಗೆ ಇಡೀ ಬೇಸಿಗೆಯಲ್ಲಿ ಹೆಚ್ಚು ಕಲಿಸಿದ್ದು ರಾಯಬಾಗ.

ನಮ್ಮ ಭಾಗದ ಒಂದು ವಿಶೇಷ ಅಂದರೆ ತೋಟದ ವಸತಿ. ಜನ ಊರೊಳಗೆ ಒತ್ತಾಗಿ ಇರೋದಿಲ್ಲ. ಹೊಲದಲ್ಲೇ ಮನೆ ಕಟ್ಟಿಕೊಂಡು ಇರುತ್ತಾರೆ, ನಾಲ್ಕು ಮನೆ ಇಲ್ಲಿ, ಹತ್ತು ಮನೆ ಅಲ್ಲಿ. ಅವರಿಗಾಗಿಯೇ ತೋಟದ ಶಾಲೆಗಳು. ಒಂದು ಮನೆತನದ ಅಡ್ಡಹೆಸರಿನ ಮುಂದೆ 'ತೋಟ' ಅಂತ ಸೇರಿಸಿದರೆ ಶಾಲೆಯ ಹೆಸರು ಆಯಿತು. ಅಂಥ ಒಂದು ತೋಟದ ಶಾಲೆಗೆ ಹೋದಾಗ ಊಟ ಸಿದ್ಧವಾಗಿತ್ತು, ಅನ್ನ ಸಾಂಬಾರು. ಉಣ್ಣುವವರು ಹತ್ತೋ ಹನ್ನೆರಡೋ ಮಕ್ಕಳು. ಪಟ್ಟಿಯಲ್ಲಿ ಅದರ ನಾಲ್ಕು ಪಟ್ಟು ಹೆಸರು. ಅಡುಗೆ ಅಕ್ಕ ಸಿಟ್ಟಲ್ಲಿದ್ದಳು. "ಬರೂ ಹುಡುಗ್ರು ಯಾರ್ಯಾರು ಅಂತ ನೋಡ್ರಿ" ಅಂದಳು. ನೋಡಿದೆ. ಬಂದವರೆಲ್ಲ ಭೂಮಿ ಇಲ್ಲದ ಕೂಲಿಯವರ ಮಕ್ಕಳು.

ಕಬ್ಬು ಒಣಗಿ ನಿಂತಿದ್ದ ಎರಡು ಎಕರೆಯ ಒಂದು ಮನೆಗೆ ಹೋದೆವು. ಆ ಮನೆಯ ತಾಯಿ ನಮ್ಮನ್ನ ಕೂರಿಸಿದಳು, ನೀರು ಕೊಟ್ಟಳು, ಮಾತು ಕೇಳಿಸಿಕೊಂಡಳು. ಕೊನೆಗೆ ಹೇಳಿದಳು: "ಅಣ್ಣಾರ, ಸಾಲಿ ಇದ್ದಾಗ ಎಲ್ಲಾರೂ ಉಣ್ತಾರ, ನಮ್ಮವೂ ಉಣ್ತಾವ. ಈಗ ಸಹಿ ಮಾಡಿ ಕಳಸೂದಂದ್ರ, ನಮ್ಮ ಮನ್ಯಾಗ ಇಲ್ಲ ಅಂತ ಬರಕೊಟ್ಟಂಗ ಆಗತೈತಿ." ಮೂಲೆಯಲ್ಲಿ ನಿಂತಿದ್ದ ಹುಡುಗ ನಮ್ಮನ್ನೂ ಅವ್ವನನ್ನೂ ನೋಡುತ್ತಾ ಇದ್ದ. ಅವನ ಕಾಲುಗಳು ಟಾನಿಕ್ ಕೇಳಿಕೊಂಡು ಅಂಗಡಿಗೆ ಬರುವ ಮಕ್ಕಳ ಕಾಲಿನ ಹಾಗೇ ಇದ್ದವು.

ಅದನ್ನ ಕೇಳಿದ ಮೇಲೆ ನಮ್ಮ ಕರಪತ್ರ ಸಣ್ಣದಾಗಿ ಕಂಡಿತು. ಆಕೆಗೆ ಊಟ ಇರೋದು ಗೊತ್ತಿತ್ತು. ಎಲ್ಲಿ, ಯಾವಾಗ, ಏನು ಬೇಯಿಸುತ್ತಾರೆ ಎಲ್ಲಾ ಗೊತ್ತಿತ್ತು. ಅವಳ ಮುಂದಿದ್ದದ್ದು ಒಂದು ಸಹಿ. ಒಪ್ಪಿಗೆ ಪತ್ರ ಬೇಡ ಅಂತ ನಾನು ಹೇಳೋದಿಲ್ಲ, ಎಷ್ಟು ಅಕ್ಕಿ ಹಾಕಬೇಕು ಅಂತ ಅಡುಗೆಯವರಿಗೆ ತಿಳಿಯಬೇಕಲ್ಲ. ಆದರೆ ಜೂನ್‌ನಿಂದ ಮಾರ್ಚ್‌ವರೆಗೆ ಯಾರೂ ಕೇಳದ ಪ್ರಶ್ನೆಯನ್ನ ಏಪ್ರಿಲ್‌ನಲ್ಲಿ ಕೇಳಿದರೆ, ಅದೇ ತಟ್ಟೆ, ಅದೇ ಅನ್ನ, ಅದೇ ಸಾಂಬಾರು ಬೇರೆಯೇ ಏನೋ ಆಗಿಬಿಡುತ್ತದೆ.

ದಾರಿ ತೋರಿಸಿದ್ದು ಆ ಅಡುಗೆ ಅಕ್ಕ. ಮಾರನೇ ದಿನ ಹನ್ನೆರಡೂವರೆಗೆ ಆಕೆ ಸಾಲಿಯ ಗಂಟೆ ಬಾರಿಸಿದಳು. ಹಳೇ ಹಳಿಯ ತುಂಡು, ಒಂದು ಕಬ್ಬಿಣದ ಸಲಾಕೆ. ಸೂಟಿಯಲ್ಲಿ ಯಾಕೆ ಗಂಟೆ ಅಂತ ಯಾರೋ ಕೇಳಿದರಂತೆ. "ಊಟದ ಗಂಟಿ ಹೊಡದೇನಿ, ಸೂಟಿ ನಿಮಗ, ನನಗಲ್ಲ" ಅಂದಳಂತೆ. ತೋಟದಲ್ಲಿ ಆ ಸದ್ದು ದೂರ ಹೋಗುತ್ತದೆ. ವರ್ಷವೆಲ್ಲ ಆ ಗಂಟೆಗೆ ಓಡಿ ಅಭ್ಯಾಸವಾದ ಕಾಲುಗಳು. ಯಾರನ್ನೂ ಕರೆಯಲಿಲ್ಲ, ಯಾರ ಮನೆಗೂ ಹೋಗಲಿಲ್ಲ, ಬರೀ ಗಂಟೆ. ಅದರ ಜೊತೆಗೆ ಅಲ್ಲಿಯ ದೊಡ್ಡ ಮನೆಯ ಅಜ್ಜನ ಹತ್ತಿರ ಮಾಸ್ತರ್ರು ಹೋಗಿ ಮಾತಾಡಿದರು. ಹದಿನೈದು ಎಕರೆ, ಸ್ವಂತ ಬಾವಿ ಇರುವವರು. ಬಸವ ಜಯಂತಿ ಹತ್ತಿರ ಬಂದಿತ್ತು, ಮಾಸ್ತರ್ರಿಗೆ ಅದೇ ಎಳೆ ಸಿಕ್ಕಿತು. "ಮಠದ ಪಂಕ್ತ್ಯಾಗ ನೀವೂ ಕೂಡ್ತೀರಿ, ನಿಮ್ಮ ಆಳೂ ಕೂಡ್ತಾನ. ಹಂಗ ಇಲ್ಲೂ ನಿಮ್ಮ ಮೊಮ್ಮಗಳು ಒಂದ್ ನಾಲ್ಕ್ ದಿನ ಕೂಡ್ಲಿ" ಅಂದರು. ಅಜ್ಜ ಸ್ವಲ್ಪ ಯೋಚಿಸಿ "ಆಗಲ್ಯಾಕ" ಅಂದರು. ಆ ಹುಡುಗಿ ಸ್ಟೀಲ್ ತಟ್ಟೆ ಹಿಡಿದು ಬಂದಳು, ಮೊದಲನೇ ದಿನ ಸ್ವಲ್ಪ ನಾಚಿಕೊಂಡು, ಎರಡನೇ ದಿನದಿಂದ ಗೆಳತಿಯರನ್ನ ಎಳೆದುಕೊಂಡು.

ಒಂದು ವಾರಕ್ಕೆ ಎರಡು ಎಕರೆಯ ಮನೆಯ ಹುಡುಗನೂ ಸಾಲಿನಲ್ಲಿದ್ದ. ಅವನ ಅವ್ವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದಳೋ ಇಲ್ಲವೋ ನಾನು ಕೇಳಲಿಲ್ಲ, ಹೆಡ್ ಮಾಸ್ತರ್ರೂ ಹೇಳಲಿಲ್ಲ.

ಆಮೇಲೆ ನಾವು ಕರಪತ್ರ ಹಂಚೋದು ಕಡಿಮೆ ಮಾಡಿದೆವು. ಹೋದ ಕಡೆಯೆಲ್ಲ ಒಂದೇ ಬೇಡಿಕೆ, "ಗಂಟಿ ಬಾರಿಸ್ರಿ". ಕೆಲವರು ಒಪ್ಪಿದರು. ಒಂದು ಕಡೆ ಗಂಟೆ ಕಪಾಟಿನಲ್ಲಿ, ಬೀಗದ ಕೈ ಚುನಾವಣೆ ತರಬೇತಿಗೆ ಹೋದ ಮಾಸ್ತರ್ರ ಜೇಬಲ್ಲಿ! ಅಲ್ಲಿಯ ಅಡುಗೆಯವರು ತಟ್ಟೆಗೆ ಸೌಟು ಬಡಿದು ಕೆಲಸ ನಡೆಸಿದರು. ಮೇ 6 ಮತ್ತು 7ಕ್ಕೆ ಶಾಲೆಗಳೇ ಮತಗಟ್ಟೆಗಳಾಗಿದ್ದರಿಂದ ನಾವು ಆ ಕಡೆ ತಲೆ ಹಾಕಲಿಲ್ಲ.

ಅಮೆರಿಕದಲ್ಲಿರುವ ನನ್ನ ಷಡ್ಡಕ ಫೋನಲ್ಲಿ ಈ ಕತೆ ಕೇಳಿ "ಇಲ್ಲೂ ಹಾಗೇ ಇದೆ" ಅಂದ. ಅಲ್ಲೂ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಸರ್ಕಾರದ ಊಟ ಇದೆಯಂತೆ, 1968ರಲ್ಲಿ ಪ್ರಯೋಗವಾಗಿ ಶುರುವಾದದ್ದು. ಬಡವರು ಹೆಚ್ಚಿರುವ ಪ್ರದೇಶ ಗುರುತಿಸಿ ಅಲ್ಲಿಯ ಉದ್ಯಾನ, ಗ್ರಂಥಾಲಯ, ಶಾಲೆಗಳಲ್ಲಿ ಊಟ ಇಡುತ್ತಾರೆ. ಅಂಥ ಮುಕ್ತ ಕೇಂದ್ರಕ್ಕೆ 18ರ ಒಳಗಿನ ಯಾವ ಮಗು ಬಂದರೂ ಅರ್ಜಿ ಕೇಳೋದಿಲ್ಲ, ಅಪ್ಪನ ಆದಾಯ ಕೇಳೋದಿಲ್ಲ. ಆದರೂ ಬರಬೇಕಾದ ಮಕ್ಕಳಲ್ಲಿ ಎಷ್ಟೋ ಮಂದಿ ಬರೋದಿಲ್ಲವಂತೆ, ಮನೆಯಿಂದ ಕೇಂದ್ರ ದೂರ. ಅಷ್ಟು ಕಾರಿರುವ ದೇಶದಲ್ಲೂ ಮಗುವಿನ ಕಾಲು ಮಗುವಿನ ಕಾಲೇ.

ದೂರದ ವಿಷಯಕ್ಕೆ ನಮ್ಮಲ್ಲೂ ಉತ್ತರ ಸಿಗಲಿಲ್ಲ. ನಿಪ್ಪಾಣಿ ಕಡೆ ಒಂದು ಇಟ್ಟಂಗಿ ಭಟ್ಟಿಯಲ್ಲಿ ಬೇರೆ ಜಿಲ್ಲೆಯಿಂದ ಬಂದ ಕುಟುಂಬಗಳಿದ್ದವು. ಮಕ್ಕಳ ಹೆಸರು ಅವರ ಊರಿನ ಶಾಲೆಯಲ್ಲಿದೆ, ಮಕ್ಕಳು ಇಲ್ಲಿದ್ದಾರೆ. ಹತ್ತಿರದ ಶಾಲೆ ಮೂರು ಕಿಲೋಮೀಟರ್, ನಡುವೆ ಲಾರಿಗಳ ರಸ್ತೆ, ಮೇಲೆ ನಲವತ್ತರ ಆಸುಪಾಸಿನ ಬಿಸಿಲು. ಹೆಡ್ ಮಾಸ್ತರ್ರು ಬಂದರೆ ಹಾಕುತ್ತೇನೆ ಅಂದರು. ಬರೋದು ಹೇಗೆ? ನಾಲ್ಕು ದಿನ ಎಲ್‌ಐಸಿ ಗೆಳೆಯ ತನ್ನ ಬೈಕಲ್ಲಿ ಎರಡೆರಡು ಮಕ್ಕಳನ್ನ ಕರೆದುಕೊಂಡು ಹೋಗಿ ಬಂದ. ಐದನೇ ದಿನ ಭಟ್ಟಿಯ ಯಜಮಾನ ಬೇಡ ಅಂದ, ದಾರಿಯಲ್ಲಿ ಏನಾದರೂ ಆದರೆ ತನ್ನ ತಲೆಗೆ ಬರುತ್ತದೆ ಅಂತ. ತಾಯಂದಿರೂ ಅದಕ್ಕೆ ತಲೆಯಾಡಿಸಿದರು. ಆ ಮಕ್ಕಳು ಮೇ ಕೊನೆಯವರೆಗೂ ಅಲ್ಲೇ ಇದ್ದರು. ಊಟ ಅವರಿಗೆ ಮುಟ್ಟಲಿಲ್ಲ.

ಮೇ 28ಕ್ಕೆ ಸೂಟಿಯ ಊಟ ಮುಗಿಯಿತು, 29ಕ್ಕೆ ಸಾಲಿ ಶುರುವಾಯಿತು. ಮಳೆ ಬಂತು, ಎಷ್ಟು ಬಂತು ಅಂದರೆ ಜುಲೈಯಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿ ನಮ್ಮ ಕೆಳಮಟ್ಟದ ಸೇತುವೆಗಳೆಲ್ಲ ಮುಳುಗಿದವು. ನದಿಯ ಈ ಅತಿರೇಕಕ್ಕೆ ನಾವು ಒಗ್ಗಿಹೋಗಿದ್ದೇವೆ. ನನಗೆ ಕಾಡುತ್ತಿರೋದು ಬೇರೆ. ಈ ಸೂಟಿಯ ಊಟ ಬರದ ಘೋಷಣೆಗೆ ಗಂಟು ಹಾಕಿಕೊಂಡಿದೆ. ಮಳೆ ಸರಿಯಾಗಿ ಆದ ವರ್ಷ ಘೋಷಣೆ ಇಲ್ಲ, ಏಪ್ರಿಲ್‌ನಲ್ಲಿ ಒಲೆ ಆರುತ್ತದೆ. ಆದರೆ ಮಳೆಯಾದ ವರ್ಷವೂ ಅವ್ವ ಬೆಳಗ್ಗೆ ಆರಕ್ಕೇ ಕೂಲಿಗೆ ಹೋಗುತ್ತಾಳೆ. ಬುಟ್ಟಿಯ ರೊಟ್ಟಿ ಒಂಬತ್ತಕ್ಕೇ ಮುಗಿಯುತ್ತದೆ. ಬೀಡಿಯ ಮೊರಕ್ಕಂತೂ ಮಳೆ ಬರ ಎರಡೂ ಒಂದೇ. ಬರ ಇರಲಿ ಬಿಡಲಿ, ಬೇಕು ಅಂದ ತಾಲ್ಲೂಕುಗಳಲ್ಲಿ ಬೇಸಿಗೆಯ ಊಟ ಪ್ರತಿವರ್ಷ ನಡೆಯಲಿ ಅನ್ನೋದು ನನ್ನ ಅಭಿಪ್ರಾಯ. ದುಡ್ಡು ಎಲ್ಲಿಂದ ಅಂತ ಕೇಳುವವರು ಇದ್ದೇ ಇರುತ್ತಾರೆ, ಕೇಳಲಿ. ಅಡುಗೆ ಅಕ್ಕಂದಿರಿಗೆ ಆ ಎರಡು ತಿಂಗಳ ದುಡಿಮೆಗೂ ಸರಿಯಾಗಿ ಕೊಡಬೇಕು ಅನ್ನೋದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಕರಪತ್ರ ಒಂದು ಇನ್ನೂರು ಉಳಿದಿವೆ, ತಾರೀಕು ಹಳೆಯದು. ಹಿಂದಿನ ಖಾಲಿ ಮಗ್ಗುಲಲ್ಲಿ ಅಂಗಡಿಯ ಉದ್ರಿ ಲೆಕ್ಕ ಬರೆಯುತ್ತೇನೆ. ಮೊನ್ನೆ ಮಾಸ್ತರ್ರು ಬಂದವರು ಅದನ್ನ ತಿರುಗಿಸಿ ನೋಡಿ, 'ಸೂಟ್ಯಾಗೂ' ಅಲ್ಲ, 'ಸೂಟಿಯಲ್ಲಿಯೂ' ಅಂತ ಇರಬೇಕಿತ್ತು ಅಂತ ಮತ್ತೆ ರಾಗ ತೆಗೆದರು :-)

ನಿಮ್ಮ ಕಡೆ, ಕಲಬುರ್ಗಿ, ಚಿತ್ರದುರ್ಗ, ಚಾಮರಾಜನಗರ, ಎಲ್ಲೇ ಆಗಲಿ, ಆ 2024ರ ಬೇಸಿಗೆಯಲ್ಲಿ ಮಕ್ಕಳು ಊಟಕ್ಕೆ ಬಂದರಾ? ಜನ ಅದನ್ನ ಏನಂತ ಕರೀತಿದ್ದರು? ಗಂಟೆ ಬಾರಿಸಿದ ಊರು ಇನ್ನೆಲ್ಲಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ.